ಬ್ರೇಕಕ್ಕನ ಬಲಗಾಲು

ಡ್ರೈವಿಂಗ್ ಸ್ಕೂಲಿನಲ್ಲಿ ಎಲ್ಲರೂ ಅವಳನ್ನು ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಕಲಿಯುವವರು ಗಾಬರಿಯಾಗಿ ಸ್ಟೇರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡಾಗ, ತಾನು ಕೂರುವ ಪಕ್ಕದ ಸೀಟಿನ ಮುಂದಿರುವ ಎರಡನೇ ಬ್ರೇಕನ್ನು ಒತ್ತಿ ಊರಿನ ಜನರನ್ನು ಉಳಿಸುವುದು ಅವಳ ಹೊಟ್ಟೆಪಾಡು. ಒತ್ತಿ ಒತ್ತಿ ಆ ಬಲಗಾಲಿಗೆ ತನ್ನದೇ ಒಂದು ಬುದ್ಧಿ ಬಂದಿತ್ತು. ಬಸ್ಸಿನಲ್ಲಿ ಕೂತರೂ ಒತ್ತುತ್ತಿತ್ತು, ಸಿನಿಮಾದಲ್ಲಿ ಕಾರು ಕಂಡರೂ ಒತ್ತುತ್ತಿತ್ತು, ನಿದ್ದೆಯಲ್ಲಿ ಗಂಡನ ಮೊಣಕಾಲಿಗೂ ಬೀಳುತ್ತಿತ್ತು. "ನಾನು ಗಂಡನೋ ಪೆಡಲ್ಲೋ?" ಎಂದು ಅವನು ಗೊಣಗುತ್ತಿದ್ದ.

ಬಚ್ಚಲಲ್ಲಿ ಜಾರಿ ಆ ಕಾಲಿನ ಮೂಳೆ ಮುರಿದಾಗಿನಿಂದ ಗಂಡನಿಗೆ ಸುಖನಿದ್ದೆ, ಅವಳಿಗೆ ಜಾಗರಣೆ. ಮೂಳೆ ಕೂಡಿದೆ ಎಂದು ಡಾಕ್ಟರು ಹೇಳಿದ್ದರು. ಕಾಲು ಮಾತ್ರ ಡಾಕ್ಟರ ಮಾತನ್ನು ನಂಬಿರಲಿಲ್ಲ. ಮೆಟ್ಟಿಲಿಳಿಯುವಾಗ ಊರಲು ಹೆದರುತ್ತಿತ್ತು. ಸ್ಕೂಲಿನ ಯಜಮಾನರು, "ಸೋಮವಾರ ಬನ್ನಿ. ಕಾಲಿನ ಮೇಲೆ ಭರವಸೆ ಇಲ್ಲ ಅಂದ್ರೆ ಆಫೀಸಿಗೆ ಬರೋ ಫೋನ್ ನೋಡ್ಕೊಂಡಿರಿ" ಎಂದಿದ್ದರು. ಫೋನಂತೆ! ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು.

"ನಡೀರಿ ಅತ್ತಿಗೆ, ಗುಡ್ಡ ಹತ್ತಿ ನೋಡೇಬಿಡೋಣ" ಎಂದಳು ನಾದಿನಿ.

ಜೀಪು, ಬೈಕುಗಳನ್ನು ಕಲ್ಲುಮಣ್ಣಿನಲ್ಲಿ ಓಡಿಸಿ ಖುಷಿಪಡಲೆಂದೇ ಊರಾಚೆ ಬಿಟ್ಟ ಬಯಲದು. ಅದರಲ್ಲಿ ಮೂರು ಗುಡ್ಡ. ಅವನ್ನು ಗುಡ್ಡ ಎಂದರೆ ನಿಜವಾದ ಗುಡ್ಡಗಳು ಮುನಿಸಿಕೊಂಡಾವು, ಅಷ್ಟೇ ಎತ್ತರ. ಭಾನುವಾರ ಸಂಜೆ ಗಂಡ ಇಬ್ಬರನ್ನೂ ಗೇಟಿನ ಬಳಿ ಇಳಿಸಿ, ತಾನು ಕಾರಿನಲ್ಲೇ ಕಾಲು ಚಾಚಿದ.

ಮೊದಲನೆಯದನ್ನು ಹತ್ತಿ, ಆಚೆಯ ಕಡಿದಲ್ಲದ ದಾರಿಯಲ್ಲಿ ಮೆಲ್ಲಗೆ ಇಳಿದು, ಎರಡನೆಯದರ ನೆತ್ತಿ ಮುಟ್ಟುವಷ್ಟರಲ್ಲಿ ಇಬ್ಬರಿಗೂ ಏದುಸಿರು, ಅದರ ಮೇಲೆ ನಗು. ಧೂಳು ಮೆತ್ತಿದ ಜೀಪೊಂದು ಪಕ್ಕದಲ್ಲಿ ನಿಂತಿತು. ಓಡಿಸುತ್ತಿದ್ದವನು ಹಳೆಯ ಶಿಷ್ಯ.

"ಅಕ್ಕಾ, ಹತ್ಕೊಳ್ಳಿ! ಮೇಲೆ ಬಿಡ್ತೀನಿ."

"ನಿನ್ನ ಕೈಚಳಕ ನಂಗೊತ್ತಿಲ್ವೇನೋ? ಉಳಿದಿರೋ ಕಾಲೂ ಹೋದೀತು, ನಡಿ!"

ಮೂರನೆಯದರ ತುದಿಯಲ್ಲಿ ಸೂರ್ಯ ಕೈಗೆ ಸಿಗುವಷ್ಟು ಹತ್ತಿರವಿದ್ದ. ಗಾಳಿಗೆ ನಾದಿನಿಯ ದುಪಟ್ಟಾ ಅವಳ ಮುಖಕ್ಕೇ ಸುತ್ತಿಕೊಂಡಿತು. ಇಬ್ಬರೂ ಹುಚ್ಚು ಹಿಡಿದವರ ಹಾಗೆ ಕೂಗಿದರು, ಕುಣಿದರು. ಬ್ರೇಕಕ್ಕನಿಗೆ ಸಂತೋಷ ತಡೆಯಲಾಗಲಿಲ್ಲ.

ಆಮೇಲೆ ಕಡಿದಾದ ಇಳಿಜಾರು ಕಂಡಿತು. "ಓಡಿಸೋದು ಯಾರಿಗಾದ್ರೂ ಬರುತ್ತೆ, ನಿಲ್ಲಿಸೋದು ಬರಬೇಕು" ಎಂದು ಕಲಿಯುವವರಿಗೆಲ್ಲ ಬೋಧಿಸಿದವಳು ಅವಳೇ. ಈಗ ಬಲಗಾಲು ಮುಂದಕ್ಕೆ ಬರಲೊಲ್ಲದು. ಅವಳು ದೊಪ್ಪನೆ ನೆಲದ ಮೇಲೆ ಕೂತುಬಿಟ್ಟಳು.

"ಕೂತ್ಕೊಂಡೇ ಇಳೀತೀನಿ ಕಣೇ. ಇನ್ನು ನಂಗೆ ಫೋನೇ ಗತಿ." ಕಣ್ಣು ತುಂಬಿ ಬಂತು.

"ಥೂ, ಎದ್ದೇಳಿ!" ನಾದಿನಿ ಒಂದು ಹೆಜ್ಜೆ ಕೆಳಗಿಳಿದು, ಅವಳ ಎರಡೂ ಕೈ ಹಿಡಿದು ಎಬ್ಬಿಸಿದಳು. ಎಬ್ಬಿಸಿದ ರಭಸಕ್ಕೆ ಚಕ್ರದ ಜಾಡಿನ ಸಡಿಲ ಜಲ್ಲಿ ನಾದಿನಿಯ ಕಾಲಡಿಯಲ್ಲೇ ಜಾರಿತು. ಸರ್ರನೆ ಹೊರಟಳು, ಅತ್ತಿಗೆಯನ್ನೂ ಎಳೆದುಕೊಂಡು.

ಧಡ್!

ಬಲಗಾಲು ಯಾರನ್ನೂ ಕೇಳದೆ ನೆಲಕ್ಕೆ ಬಿದ್ದಿತ್ತು. ಹಿಮ್ಮಡಿ ಮಣ್ಣಿನಲ್ಲಿ ಹೂತಿತ್ತು. ಇಬ್ಬರೂ ನಿಂತಿದ್ದರು. ನಾದಿನಿ ಬಾಯಿ ತೆರೆದು ಆ ಕಾಲನ್ನು ನೋಡಿದಳು, ಬ್ರೇಕಕ್ಕನೂ ನೋಡಿದಳು. ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಕೈ ಬಿಡದೆ, ನಡೆದೇ ಇಳಿದರು.

ಗಂಡನಿಗೆ ಏನೂ ಹೇಳಲಿಲ್ಲ. ಕಾರು ಗೇಟು ದಾಟುತ್ತಿದ್ದಂತೆ ಬೈಕೊಂದು ಅಡ್ಡ ಬಂತು. ಅವನು ಬ್ರೇಕ್ ಹಾಕುವ ಮೊದಲೇ ಪಕ್ಕದ ಸೀಟಿನ ಮುಂದೆ ನೆಲ ಧಡ್ ಎಂದಿತು.

ಅವನು ಅವಳ ಕಾಲನ್ನು ನೋಡಿದ. ಅವಳ ಮುಖ ನೋಡಿದ. ತಾನೂ ಮುಖವರಳಿಸಿ, ತನ್ನ ಮೊಣಕಾಲು ಸವರಿಕೊಳ್ಳುತ್ತಾ ಹೇಳಿದ: "ಮುಗೀತು ನನ್ನ ನಿದ್ದೆ!"