ಕಿವಿಯಪ್ಪ ಪಾಸು ಮಾಡಿದ ಬೀಗ

ಬೀಗದ ಕಾರ್ಖಾನೆಯಲ್ಲಿ ಕಿವಿಯಪ್ಪನಿಗೆ ಆ ಹೆಸರು ಬಂದದ್ದೇ ಅವನ ಕೆಲಸದಿಂದ. ತಯಾರಾದ ಪ್ರತಿ ಬೀಗವನ್ನೂ ಕಿವಿಗೆ ಹಿಡಿದು ಕೀ ತಿರುಗಿಸುತ್ತಿದ್ದ. ಸದ್ದು ಸರಿಯಿದ್ದರೆ ಪೆಟ್ಟಿಗೆಗೆ, ಇಲ್ಲದಿದ್ದರೆ ಅರ ಉಜ್ಜುವವರ ಮೇಜಿಗೆ. ಇಪ್ಪತ್ತೆಂಟು ವರ್ಷ ಇದೇ ಆಯಿತು. ಹೆಂಡತಿಯ ಮಾತೊಂದು ಬಿಟ್ಟು ಆ ಕಿವಿಗೆ ಎಲ್ಲವೂ ಕೇಳಿಸುತ್ತಿತ್ತು.

ಆಮೇಲೆ ಮುಕ್ತ ವ್ಯಾಪಾರದ ಒಪ್ಪಂದ ಬಂತು. ಸುಂಕ ಹೋಯಿತು, ಹಡಗಿನಲ್ಲಿ ಸಿದ್ಧ ಬೀಗಗಳೇ ಬಂದಿಳಿದವು, ಕುಲುಮೆ ಆರಿತು. ಆದರೂ ಸಾಹುಕಾರರು ಹನ್ನೊಂದು ಮಂದಿಯನ್ನು ಉಳಿಸಿಕೊಂಡರು. ಇಲ್ಲಿ ಒಂದಿಷ್ಟು ಕೆಲಸ ನಡೆದರೆ ಆ ಬೀಗವನ್ನು ಇಲ್ಲಿಯದೇ ಎಂದು ಮಾರಬಹುದೆಂದು ಒಪ್ಪಂದದಲ್ಲಿ ಬರೆದಿತ್ತಂತೆ. ಆ ಒಂದಿಷ್ಟು ಕೆಲಸವೆಂದರೆ ಬೀಗದ ಹಿಂದಿನ ಸ್ಕ್ರೂ ಬಿಚ್ಚುವುದು, ಅದನ್ನೇ ಮತ್ತೆ ಹಾಕುವುದು.

“ಕೆಲಸವಿಲ್ಲದ ಆಚಾರಿ ಮಗನ ಕುಂಡೆ ಕೆತ್ತಿದನಂತೆ” ಎಂದು ಹೆಂಡತಿ ನಕ್ಕಳು. ಕಿವಿಯಪ್ಪನಿಗೆ ನಗು ಬರಲಿಲ್ಲ.

ಮಂತ್ರಿಗಳೂ ಬಂದು ನೋಡಿದರು. ಕಿವಿಯಪ್ಪ ಸ್ಕ್ರೂ ಬಿಚ್ಚಿದ, ಚಪ್ಪಾಳೆ. ಹಾಕಿದ, ಇನ್ನೂ ಜೋರು ಚಪ್ಪಾಳೆ. ಉದ್ಯೋಗ ಎರಡು ಪಟ್ಟಾಗಿದೆ ಎಂದು ಭಾಷಣವಾಯಿತು. ಬಿಚ್ಚುವುದನ್ನೂ ಹಾಕುವುದನ್ನೂ ಬೇರೆ ಬೇರೆ ಕೆಲಸವೆಂದು ಬರೆದುಕೊಂಡಿದ್ದರು.

ಕೈ ಸುಮ್ಮನಿದ್ದರೂ ಕಿವಿ ಸುಮ್ಮನಿರಬೇಕಲ್ಲ! ಒಂದು ದಿನ ಅಭ್ಯಾಸಬಲದಿಂದ ಬೀಗವನ್ನು ಕಿವಿಗೆ ಹಿಡಿದ. ಒಳಗೆ ಬರಿ ಗಲಗಲ. ಅನುಮಾನ ಬಂದು ತನ್ನ ಮನೆಯ ಕೀ ತೂರಿಸಿದ. ತೆರೆಯಿತು. ಇನ್ನೊಂದಕ್ಕೆ ಹಾಕಿದ, ಅದೂ ತೆರೆಯಿತು.

“ಸಾಹುಕಾರ್ರೆ, ಇವಕ್ಕೆ ಯಾವ ಕೀ ಹಾಕಿದ್ರೂ ತೆರ್ಕೊಳ್ತವೆ!”

“ಊರ ಉಸಾಬರಿ ನಿನಗ್ಯಾಕಯ್ಯ? ಸ್ಕ್ರೂ ಹಾಕು, ಸಾಕು.”

ಮುಂದಿನ ತಿಂಗಳು ಒಪ್ಪಂದ ತಿದ್ದುಪಡಿಯಾಯಿತು. ಸ್ಕ್ರೂ ಬಿಚ್ಚುವ ಅಗತ್ಯವೂ ತಪ್ಪಿತು. ಬೆಳಿಗ್ಗೆ ಬಂದರೆ ಗೇಟಿಗೆ ಬೀಗ, ಅದೂ ಹಡಗಿನಲ್ಲಿ ಬಂದದ್ದು. ಹನ್ನೊಂದು ಮಂದಿ ಗರ ಬಡಿದವರಂತೆ ನಿಂತರು. ಕಿವಿಯಪ್ಪ ಅದಕ್ಕೆ ಕಿವಿಯಿಟ್ಟು ಅಲ್ಲಾಡಿಸಿದ, ಅದೇ ಗಲಗಲ. ಕೆಲಸ ಹೋದದ್ದು ಒಂದು ಕಡೆ, ತನ್ನಂಥವನನ್ನು ಹೊರಗಿಡಲು ಈ ದರಿದ್ರ ಬೀಗ ಸಾಕೆಂದುಕೊಂಡರಲ್ಲ! ಜೇಬಿನಿಂದ ಮನೆಯ ಕೀ ತೆಗೆದ.

ಎಲ್ಲರೂ ಒಳಗೆ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕುಳಿತರು. ಕಿವಿಯಪ್ಪ ಕಪಾಟಿನಿಂದ ತಾನೇ ಪಾಸು ಮಾಡಿದ ಹಳೆಯ ಬೀಗವೊಂದನ್ನು ಹುಡುಕಿ ತಂದು ಗೇಟಿಗೆ ಒಳಗಿನಿಂದ ಜಡಿದ.

ಮಧ್ಯಾಹ್ನ ಸಾಹುಕಾರರು ಓಡೋಡಿ ಬಂದರು. ಸರಳಿನ ಸಂದಿಯಲ್ಲಿ ಕೈ ತೂರಿಸಿ ಗೊಂಚಲಿನಲ್ಲಿದ್ದ ಕೀಗಳನ್ನೆಲ್ಲ ಹಾಕಿ ನೋಡಿದರು. ಬೆವರಿಳಿಯಿತೇ ಹೊರತು ಬೀಗ ಜಪ್ಪಯ್ಯ ಅನ್ನಲಿಲ್ಲ.

“ಏನಯ್ಯ ಇದು, ತೆರೀತಾನೇ ಇಲ್ಲ!”

“ಅದು ನಾವು ಮಾಡಿದ್ದು, ಸಾಹುಕಾರ್ರೆ” ಎಂದ ಕಿವಿಯಪ್ಪ.