ಇಳಿಯದೆ ಬಂದವರ ಚಹಾ

ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವಳಿಗೆ ಧೂಳಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡೇ ನಾನು ಫೌಜಿಗೆ ಸೇರಿದ್ದು. ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಒರೆಸಿದ ಕಿಟಕಿಯ ಕಟ್ಟೆಯ ಮೇಲೆ ಸಂಜೆ ಬೆರಳಿನಿಂದ ಅಕ್ಷರ ತಿದ್ದಬಹುದು. ಆದರೆ ಹೆಲಿಕಾಪ್ಟರನ್ನು ಒಣ ನೆಲಕ್ಕೆ ಇಳಿಸುವಾಗ ಏಳುವ ಧೂಳೇ ಬೇರೆ. ನೆಲ ಇನ್ನೇನು ಸಿಕ್ಕಿತು ಎನ್ನುವಾಗ ಕೆಳಗಿನಿಂದ ಎದ್ದು ಸುತ್ತಲೂ ಮುಚ್ಚಿಕೊಂಡು ನೆಲವನ್ನೇ ನುಂಗಿಬಿಡುತ್ತದೆ. ಆಗ ಯಂತ್ರ ನಿಂತಲ್ಲೇ ಇದೆಯೋ, ಪಕ್ಕಕ್ಕೆ ಜಾರುತ್ತಿದೆಯೋ ಮೈಗೆ ತಿಳಿಯುವುದಿಲ್ಲ. ತಿಳಿಯಿತು ಎಂದು ಮೈ ಹೇಳಿದರೆ ನಂಬಬಾರದು.

ಅದಕ್ಕೇ ನಮ್ಮಲ್ಲೊಂದು ಕ್ರಮವಿತ್ತು. ಧೂಳಿನಲ್ಲಿ ಇಳಿಯುವಾಗ ಪಕ್ಕದ ಸೀಟಿನ ಪೈಲಟ್ ಕೇಳುತ್ತಲೇ ಇರಬೇಕು, ನೆಲ ಕಾಣುತ್ತಿದೆಯಾ ಎಂದು. ಹಾರಿಸುವವರು ಉತ್ತರ ಕೊಡುತ್ತಲೇ ಇರಬೇಕು. ಇಲ್ಲ ಎಂದರೆ ಮುಗಿಯಿತು, ಚರ್ಚೆಯಿಲ್ಲ, ಯಂತ್ರವನ್ನು ಮೇಲಕ್ಕೆತ್ತಿ ವಾಪಸ್. ಕೇಳಲು ಇದು ಮಕ್ಕಳ ಆಟದಷ್ಟು ಸುಲಭ. ಒಬ್ಬರಿಗಿಂತ ಒಬ್ಬರು ಗಟ್ಟಿ ಎಂದು ಎದೆಯುಬ್ಬಿಸಿ ಓಡಾಡುವವರ ನಡುವೆ ‘ಇಲ್ಲ’ ಎನ್ನುವುದು ಎಷ್ಟು ಕಷ್ಟವೆಂಬುದು ಅಲ್ಲಿದ್ದವರಿಗೇ ಗೊತ್ತು.

ನಮ್ಮ ಸ್ಕ್ವಾಡ್ರನ್ನಿನ ಹಿರಿಯ ಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬೋಳುತಲೆಯ, ರಾಗವೇ ಇಲ್ಲದೆ ಹಾಡುವ, ಯಾರ ಮೇಲೂ ಕೂಗಾಡದ ಮನುಷ್ಯ. ಧೂಳಿಗೋ ಮೋಡಕ್ಕೋ ನೆಲ ಕಾಣದೆ ಇಳಿಯದೆ ಮರಳಿದ ಪೈಲಟ್ ನಾವೆಲ್ಲ ಕೂರುವ ಕೋಣೆಯೊಳಗೆ ಕಾಲಿಟ್ಟರೆ ಸಾಹೇಬರು ಎದ್ದು, ತಾವೇ ಕೆಟ್ಲಿ ಹಿಡಿದು, ತಮ್ಮ ಸ್ವಂತ ಕಪ್ಪಿಗೆ ಚಹಾ ಬಗ್ಗಿಸಿ ಅವರ ಕೈಗೆ ಕೊಡುತ್ತಿದ್ದರು. ಕಪ್ಪು ಬರಿದಾಗುವವರೆಗೆ ಯಾಕೆ ಏನು ಎಂದು ಯಾರೂ ಕೇಳುವಂತಿರಲಿಲ್ಲ. ಚೆನ್ನಾಗಿ ಇಳಿಸಿ ಬಂದವರು ತಮ್ಮ ಚಹಾ ತಾವೇ ಹಾಕಿಕೊಳ್ಳಬೇಕು. ಮೊದಲ ಬಾರಿ ಆ ಕಪ್ಪು ನನ್ನ ಕೈಗೆ ಬಂದಾಗ ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ‘ಕುಡಿ’ ಎಂದರು, ಅಷ್ಟೇ. ಪಾಯಸದಂಥ ಚಹಾ. ಅಷ್ಟು ಸಕ್ಕರೆ ಸುರಿಯುವ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ, ಅಷ್ಟು ಪ್ರೀತಿಯಿಂದ ಬೇರೆ ಯಾರನ್ನೂ ನೆನೆಯುವುದೂ ಇಲ್ಲ.

ನಾನು ಅಲ್ಲಿ ಪೈಲಟ್‌ಗಳ ಹಾರಾಟದ ಪರೀಕ್ಷಕಿಯಾಗುವ ಹೊತ್ತಿಗೆ ಅದೇ ಸಾಹೇಬರ ಕೈಕೆಳಗೆ ಹೊಸಬನೊಬ್ಬ ಬಂದ. ಮೊದಲ ದಿನ ಯಂತ್ರ ಗಾಳಿಗೆ ಕುಲುಕಿದಾಗ ಪಕ್ಕದ ಸೀಟಿನಲ್ಲಿ ‘ಯವ್ವಾ’ ಎಂದುಬಿಟ್ಟ. ಕೆಳಗಿಳಿದ ಮೇಲೆ ಯಾವೂರು ಎಂದೆ. ‘ಕುರುಗೋಡು, ಮೇಡಂ’ ಎಂದ. ಊರಿಂದ ಅಷ್ಟು ದೂರದಲ್ಲಿ ಬಳ್ಳಾರಿ ಪಕ್ಕದ ಆ ಹೆಸರು ಕೇಳಿ ನನ್ನ ಗತ್ತೆಲ್ಲ ಇಳಿದುಹೋಯಿತು. ಅಂದಿನಿಂದ ಡ್ಯೂಟಿಯಲ್ಲಿ ನಾನು ಮೇಡಂ, ಹೊರಗೆ ಅಕ್ಕ. ಸ್ವಂತ ತಮ್ಮನಿಲ್ಲದ ನನಗೆ ಅದೊಂದು ಸಂಪತ್ತೇ ಆಗಿತ್ತು. ಆದರೂ ಪರೀಕ್ಷೆಯ ದಿನ ಅವನಿಗೆ ರಿಯಾಯಿತಿ ತೋರಿಸಿರಲಿಲ್ಲ. ‘ಕೈ ಚುರುಕು ಅದಾವ, ಬಾಯಿ ನಿಧಾನ. ಅನ್ನಬೇಕಾದ್ದನ್ನ ಲಗೂನ ಅನ್ನು’ ಎಂದು ಮುಖದ ಮೇಲೇ ಹೇಳಿದ್ದೆ. ಹೊರಗಿನವರು ನಮ್ಮ ಪರೀಕ್ಷೆಯೆಂದರೆ ಕೈಚಳಕ ನೋಡುವುದು ಎಂದುಕೊಳ್ಳುತ್ತಾರೆ. ನಾವು ನೋಡುವುದು, ಈ ಮನುಷ್ಯ ಎಲ್ಲಿ ‘ಸಾಕು’ ಅನ್ನುತ್ತಾನೆ ಎಂಬುದನ್ನು.

ನಾನು ನಿವೃತ್ತಳಾಗಿ ಬಳ್ಳಾರಿಗೆ ಬಂದೆ. ಅವನು ಬೇರೆ ಸ್ಕ್ವಾಡ್ರನ್ನಿಗೆ ಹೋದ. ಕಳೆದ ವರ್ಷ ಭತ್ತದ ಕೊಯ್ಲಿನ ಹೊತ್ತಿಗೆ ಅವನ ತಾಯಿ ಫೋನ್ ಮಾಡಿದರು.

‘ಅಕ್ಕೋರ, ಒಂದೀಟು ಮನಿಗೆ ಬಂದು ಹೋಗ್ರಿ. ಮಗ ರಜಾದ ಮ್ಯಾಲೆ ಬಂದಾನ. ಬಂದಾಗಿಂದ ಮಾತಿಲ್ಲ, ಕತಿಯಿಲ್ಲ. ಹಾರೂ ಮಾತು ತಗದ್ರ ಎದ್ದು ಹೋಗ್ತಾನ. ಕೈಗೆ ಸಣ್ಣ ಪೆಟ್ಟಾಗಿತ್ತು ಅಂತಾನ. ಪೆಟ್ಟು ಕೈಗೆ ಆದಂಗಿಲ್ರಿ.’

ಆ ತಾಯಿ ನನ್ನನ್ನು ಮೊದಲಿನಿಂದಲೂ ಕನ್ನಡ ಶಾಲೆಯ ಟೀಚರನ್ನು ಕರೆದಂತೆ ಅಕ್ಕೋರು ಎಂದೇ ಕರೆಯುತ್ತಿದ್ದರು. ಕುರುಗೋಡಿಗೆ ಹೋದೆ. ಬಂಡೆಗುಡ್ಡದ ಬುಡದಲ್ಲಿ ಅವರ ಮನೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಟ್ಟೆಯಲ್ಲಿಟ್ಟು ಅವರು ಒಂದೇ ಪ್ರಶ್ನೆ ಕೇಳಿದರು.

‘ಹಾರು ಅನ್ನಾಕ ಬಂದೀರೋ, ಹಾರಬ್ಯಾಡ ಅನ್ನಾಕ ಬಂದೀರೋ?’

‘ಗೊತ್ತಿಲ್ಲಮ್ಮಾ’ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಸಿರುಗುಪ್ಪದಲ್ಲಿ ಆ ತಾಯಿಯ ತವರು. ಹೊಸ ಅಕ್ಕಿ ತೆಗೆದುಕೊಂಡು ಹೋಗಿರೆಂದು ಅವರ ಅಣ್ಣ ಹೇಳಿಕಳಿಸಿದ್ದರು. ಅದನ್ನೇ ನೆಪ ಮಾಡಿ ನಾನು ಅವನನ್ನು ಹೊರಡಿಸಿದೆ. ದಾರಿಯ ಚಹಾ ನನಗೆ ಒಗ್ಗುವುದಿಲ್ಲ, ಅದಕ್ಕೆ ತಾಯಿ ಫ್ಲಾಸ್ಕ್ ತುಂಬಿಕೊಟ್ಟರು. ನನ್ನ ಕಾರಿನ ಕೀಲಿಯನ್ನು ಅವನ ಕೈಗೆ ಹಾಕಿದೆ.

‘ನೀವ ಓಡಸ್ರಿ ಅಕ್ಕಾ. ನಾ ಪೆಟ್ಟಾದಾಗಿಂದ ಸ್ಟೀರಿಂಗ್ ಮುಟ್ಟಿಲ್ಲ.’

‘ನನ್ನ ಸೊಂಟ ಹಿಡಕೊಂಡೈತಿ. ನೀ ಓಡ್ಸು.’

ಇದು ಪೂರ್ತಿ ಸುಳ್ಳೇನಲ್ಲ. ಹೆಲಿಕಾಪ್ಟರ್ ಹಾರಿಸಿದವರಿಗೆ ಸೊಂಟನೋವು ಪಿಂಚಣಿಯ ಜೊತೆಗೇ ಬರುತ್ತದೆ. ಅವನು ನಿಧಾನಕ್ಕೆ ಗಾಡಿ ತೆಗೆದ. ನಾನು ಎರಡೂ ಕೈಗಳನ್ನು ತೊಡೆಯ ಮೇಲೆ, ಅವನಿಗೆ ಕಾಣುವಂತೆ ಇಟ್ಟುಕೊಂಡೆ. ಯಂತ್ರ ನಿನ್ನದು, ನಾನು ಮುಟ್ಟುವುದಿಲ್ಲ ಎಂದು ಹೇಳಲು ನಮ್ಮಲ್ಲಿ ಹಾಗೆ ಕೂರುತ್ತಾರೆ. ಅವನು ಓರೆಗಣ್ಣಿನಲ್ಲಿ ನೋಡಿದ, ಸಣ್ಣಗೆ ನಕ್ಕ. ಆಮೇಲೆ, ನಾನು ಕೇಳದೆಯೇ, ಹೇಳತೊಡಗಿದ.

ಹೊಸ ಸ್ಕ್ವಾಡ್ರನ್ನಿನಲ್ಲಿ ಚಹಾದ ಪದ್ಧತಿ ಇರಲಿಲ್ಲ. ಅಲ್ಲಿನ ಸಾಹೇಬ ಚುರುಕು, ಮಾತುಗಾರ, ತಮಾಷೆಯವ. ಇಳಿಯದೆ ಮರಳಿದವರನ್ನು ಕಂಡರೆ, ‘ಇವನಿಗೊಂದು ಎತ್ತಿನ ಗಾಡಿ ಕೊಡಿಸಿ, ಅದರಲ್ಲಿ ನೆಲ ಚೆನ್ನಾಗಿ ಕಾಣುತ್ತದೆ’ ಎಂದು ಎಲ್ಲರೆದುರು ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು.

‘ನಾನೂ ನಕ್ಕೀನಿ ಅಕ್ಕಾ’ ಎಂದ.

ಆ ದಿನ ಅವನು ಒಣ ಬಯಲಿಗೆ ಇಳಿಸುತ್ತಿದ್ದ. ಧೂಳು ಎದ್ದಿತು. ಪಕ್ಕದವನು ಕ್ರಮದ ಪ್ರಕಾರ ಕೇಳಿದ, ನೆಲ ಕಾಣುತ್ತಿದೆಯಾ?

‘ಕಾಣಾಕತ್ತೈತಿ ಅಂದೆ. ಅನ್ನೂದರಾಗ ನೆಲ ಹೋಗಿತ್ತು. ಹೋಗೈತಿ ಅಂತ ನನಗ ಗೊತ್ತಿತ್ತು. ಬಾಯಾಗ ಹೂಂ ಅನ್ನೋದ ಬಂತು.’

ಯಂತ್ರ ಪಕ್ಕಕ್ಕೆ ಜಾರಿ ಒಂದು ಚಕ್ರ ಹೊಲದ ಬದುವಿಗೆ ತಗುಲಿತು. ವಾಲಿತು. ತಿರುಗುತ್ತಿದ್ದ ರೆಕ್ಕೆಗಳು ನೆಲಕ್ಕೆ ಬಡಿದವು. ಎಲ್ಲರೂ ಜೀವಂತವಾಗಿ ಹೊರಬಂದರು, ಆದರೆ ಹಿಂದೆ ಕೂತಿದ್ದ ಇಂಜಿನಿಯರ್ ಬೆನ್ನಿನ ಎಲುಬು ಮುರಿದುಕೊಂಡಿದ್ದರು. ಈಗ ಬೆಲ್ಟ್ ಕಟ್ಟಿಕೊಂಡು ನಡೆಯುತ್ತಾರಂತೆ. ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನ ಇವನು ಹೋಗಿ ಹಾಸಿಗೆಯ ಪಕ್ಕ ಕೂತಿದ್ದ. ವಿಚಾರಣೆಯೂ ಮುಗಿದಿತ್ತು. ವಾಪಸ್ ಎತ್ತಲು ತಡಮಾಡಿದ್ದು ತಪ್ಪು, ಮತ್ತೊಂದು ಹಾರಾಟ ಪರೀಕ್ಷೆ ತೆಗೆದುಕೊಂಡು ಪಾಸಾದರೆ ಮುಂದುವರಿಯಬಹುದು ಎಂದಿದ್ದರು. ರಜೆ ಮುಗಿದ ಕೂಡಲೇ ಆ ಪರೀಕ್ಷೆ. ಅದರಲ್ಲಿ ಧೂಳಿನಲ್ಲಿ ಇಳಿಯುವುದೂ ಇತ್ತು. ಇವನು ಪರೀಕ್ಷೆಯೇ ಬೇಡ, ಹಾರುವುದನ್ನು ಬಿಟ್ಟು ಕಚೇರಿ ಕೆಲಸ ಕೊಡಿ ಎಂದು ಕೇಳಲು ತೀರ್ಮಾನಿಸಿ ಬಂದಿದ್ದ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ‘ಆ ಸಾಹೇಬಗ ಈಗ ಫೋನ್ ಹಚ್ಚು, ನಾ ಮಾತಾಡ್ತೀನಿ. ಅವಗ ಎತ್ತಿನ ಗಾಡಿ ನಾ ಕೊಡಸ್ತೀನಿ’ ಎಂದೆ.

‘ಬ್ಯಾಡಕ್ಕಾ. ಸಾಹೇಬ್ರ ಮ್ಯಾಲ ಹಾಕಾಕ ಬರಂಗಿಲ್ಲ. ಬಾಯಿ ನಂದು.’ ಗೇರ್ ಬದಲಿಸಿ ಹೇಳಿದ, ‘ಸಾಯೂದಕ್ಕ ಅಂಜಿಲ್ಲ ನಾನು. ಮತ್ತ ಧೂಳು ಎದ್ದಾಗ ಮತ್ತ ಹೂಂ ಅಂದ್ಗಿಂದೇನು ಅಂತ ಅಂಜಿಕಿ. ಹಿಂದ ಮತ್ಯಾರರ ಕುಂತಿರ್ತಾರ.’

ಧೈರ್ಯ ಹೇಳುವ ಮಾತುಗಳೆಲ್ಲ ಬಾಯಿಗೆ ಬಂದವು, ನುಂಗಿಕೊಂಡೆ. ಅಷ್ಟು ಪ್ರಾಮಾಣಿಕವಾದ ಭಯಕ್ಕೆ ‘ಏನಾಗಲ್ಲ ಬಿಡು’ ಎನ್ನುವುದು ಅವಮಾನ. ಕಿಟಕಿಯಾಚೆ ನೋಡಿದೆ. ಗದ್ದೆಗಳು ಅರ್ಧ ಕೊಯ್ಲಾಗಿದ್ದವು. ರಸ್ತೆಯ ಒಂದು ಬದಿಗೆ ಉದ್ದಕ್ಕೂ ಭತ್ತ ಹರವಿ ಒಣಗಲು ಬಿಟ್ಟಿದ್ದರು. ಅವನು ಅದರ ಒಂದು ಕಾಳಿಗೂ ಚಕ್ರ ತಾಗದಂತೆ ಓಡಿಸುತ್ತಿದ್ದ. ಇಂಥ ಕೈಗಳನ್ನು ಕಚೇರಿಯ ಕುರ್ಚಿಗೆ ಕಟ್ಟಿಹಾಕುವುದೇ ಎನ್ನಿಸಿತು.

ಸಿರುಗುಪ್ಪ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆಗೆ ಹತ್ತಿಕೊಂಡೇ ಇದ್ದ ಗದ್ದೆಯಲ್ಲಿ ಭತ್ತ ಕೊಯ್ಯುವ ದೊಡ್ಡ ಮಷಿನ್ ಓಡುತ್ತಿತ್ತು. ಅದು ಬದುವಿನ ಬಳಿ ಬಂದು ತಿರುಗಿತು. ಅದೇ ಹೊತ್ತಿಗೆ ಗಾಳಿಯೂ ತಿರುಗಿತು. ಹೊಟ್ಟು, ಹುಲ್ಲಿನ ಚೂರು, ಮಣ್ಣು ಎಲ್ಲ ಒಟ್ಟಾಗಿ ರಸ್ತೆಯ ಮೇಲೆ ಬಿದ್ದು ಗಾಜಿನ ಮುಂದೆ ಏನೇನೂ ಇಲ್ಲದಂತಾಯಿತು.

ನಾನು ಯೋಚಿಸಿ ಕೇಳಿದ್ದಲ್ಲ. ವರ್ಷಗಟ್ಟಲೆ ಕೇಳಿ ಕೇಳಿ ಅಭ್ಯಾಸವಾದ ಮಾತು ತಾನಾಗಿ ಬಂತು, ಅದೂ ಡ್ಯೂಟಿಯ ಧ್ವನಿಯಲ್ಲಿ.

‘ನೆಲ ಕಾಣುತ್ತಿದೆಯಾ?’

ಅವನ ಬೆರಳುಗಳು ಸ್ಟೀರಿಂಗಿನ ಮೇಲೆ ಬಿಗಿಯಾದವು. ತುಟಿ ಅಲುಗಿತು. ಏನು ಬರುತ್ತದೋ ಎಂದು ನಾನು ಅವನ ಬಾಯಿಯನ್ನೇ ನೋಡಿದೆ.

‘ಇಲ್ಲ’ ಎಂದ. ‘ಕಾಣವಲ್ದು ಅಕ್ಕಾ.’

ಬ್ರೇಕ್ ಒತ್ತಿ, ಗಾಡಿಯನ್ನು ಮೆಲ್ಲಗೆ ಎಡಕ್ಕೆ ತಂದು ನಿಲ್ಲಿಸಿ, ನಾಲ್ಕೂ ದೀಪಗಳನ್ನು ಮಿನುಗಿಸಿದ. ಹಿಂದೆ ಬಂದ ಲಾರಿಯೊಂದು ಹಾರ್ನ್ ಹೊಡೆಯುತ್ತ ನಿಂತಿತು. ನಾನು ತೊಡೆಯ ಮೇಲಿನ ಕೈ ತೆಗೆದು ಫ್ಲಾಸ್ಕ್ ಬಿಚ್ಚಿದೆ. ಅದರ ಮುಚ್ಚಳದ ತುಂಬ ಚಹಾ ಬಗ್ಗಿಸಿ ಅವನ ಮುಂದೆ ಹಿಡಿದೆ.

‘ಕುಡಿ’ ಎಂದೆ.

ಅವನಿಗೆ ಅದು ಏನೆಂದು ತಿಳಿಯಿತು. ಎರಡೂ ಕೈಗಳಿಂದ ತೆಗೆದುಕೊಂಡು, ಕುಡಿಯಲಾಗದೆ, ಮುಚ್ಚಳವನ್ನು ಹಾಗೇ ಹಿಡಿದುಕೊಂಡು ಅತ್ತ. ದೊಡ್ಡವರಾದ ಮೇಲೆ ಗಂಡುಮಕ್ಕಳು ಅಳುವುದನ್ನು ಮರೆತಿರುತ್ತಾರೆ, ಅದಕ್ಕೇ ಅತ್ತರೆ ಚೆನ್ನಾಗಿ ಅಳಲು ಬರುವುದಿಲ್ಲ. ಇವನೂ ಹಾಗೇ, ಮಧ್ಯೆ ಮಧ್ಯೆ ಕೆಮ್ಮುತ್ತ ಅತ್ತ. ನಾನೂ ಅತ್ತೆ, ಯಾಕೆ ಮುಚ್ಚಿಡಲಿ.

ಲಾರಿಯ ಡ್ರೈವರ್ ಇಳಿದು ಬಂದು ಕಿಟಕಿ ತಟ್ಟಿದ. ‘ಏಮೈಂದಮ್ಮಾ?’ ಎಂದು ತೆಲುಗಿನಲ್ಲಿ ಕೇಳಿದ. ಏನೂ ಆಗಿಲ್ಲಪ್ಪ, ಚಹಾ ಕುಡಿಯುತ್ತಿದ್ದೇವೆ ಎಂದು ಅವನದೇ ಭಾಷೆಯಲ್ಲಿ ಹೇಳಿದೆ. ರಸ್ತೆಯ ಬದಿಯಲ್ಲಿ ಚಹಾ ಹಿಡಿದು ಅಳುತ್ತಿರುವ ಇಬ್ಬರನ್ನು ಆತ ಒಂದು ಗಳಿಗೆ ನೋಡಿದ. ಮುಂದಿನ ಧೂಳನ್ನೂ ನೋಡಿದ. ಆಮೇಲೆ ತನ್ನ ಲಾರಿಗೆ ಒರಗಿ ಬೀಡಿ ಹಚ್ಚಿದ. ಧೂಳು ಇಳಿಯುವವರೆಗೂ ಅವನು ಮತ್ತೆ ಹಾರ್ನ್ ಹೊಡೆಯಲಿಲ್ಲ.

ಅಂದು ಸಂಜೆ ಕುರುಗೋಡಿನಲ್ಲಿ ಅಕ್ಕಿಯ ಮೂಟೆ ಇಳಿಸಿ ಅವನು ತಾಯಿಯ ಎದುರು ಕೂತು ಎಲ್ಲವನ್ನೂ ಹೇಳಿದ. ಅಪಘಾತ, ಇಂಜಿನಿಯರರ ಬೆನ್ನು, ಎತ್ತಿನ ಗಾಡಿಯ ನಗು, ನಮ್ಮ ಹಳೆಯ ಸಾಹೇಬರ ಕೆಟ್ಲಿ, ರಸ್ತೆಯ ಮೇಲಿನ ಚಹಾ. ಆ ತಾಯಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲಿಲ್ಲದ ಅಕ್ಕಿಯಲ್ಲಿ ಕಲ್ಲು ಹುಡುಕುತ್ತ ಕೇಳಿದರು. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮುಗಿದ ಮೇಲೆ ಮಗನ ತಲೆಯ ಮೇಲೆ ಕೈಯಿಟ್ಟು, ‘ಉಣ್ಣು ನಡಿ’ ಎಂದರು. ಪರೀಕ್ಷೆ ಕೊಡುತ್ತೇನೆ ಎಂದು ಅವನು ನನಗೆ ಫೋನ್ ಮಾಡಿ ಹೇಳಿದ್ದು ಹೊರಡುವ ಹಿಂದಿನ ದಿನ.

ಪರೀಕ್ಷೆಯ ದಿನ ಬೆಳಿಗ್ಗೆಯೇ ಅವನ ತಾಯಿ ಬಸ್ಸು ಹತ್ತಿ ಸತ್ಯನಾರಾಯಣಪೇಟೆಗೆ ಬಂದಿಳಿದರು. ಬ್ರೂಸ್‌ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವುದಿತ್ತು ಎಂದರು. ಕೈಚೀಲ ಖಾಲಿಯಿತ್ತು. ಇಬ್ಬರೂ ಅಡುಗೆಮನೆಯಲ್ಲಿ ಬೇಡದ ಕೆಲಸಗಳನ್ನೆಲ್ಲ ಮಾಡಿದೆವು. ತೊಳೆದ ಡಬ್ಬಿಗಳನ್ನೇ ಅವರು ಮತ್ತೆ ತೊಳೆದರು, ನಾನು ಮತ್ತೆ ಒರೆಸಿದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಫೋನ್ ಬಂತು. ತಾಯಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

‘ಅಕ್ಕಾ, ಮೊದಲನೇ ಸಲ ಇಳೀಲಿಲ್ಲ. ಕಾಣಲಿಲ್ಲ, ಎತ್ತಿಬಿಟ್ಟೆ.’

ತಾಯಿ ನನ್ನ ಮುಖ ನೋಡಿದರು.

‘ಎರಡನೇ ಸಲಾನೂ ಇಳೀಲಿಲ್ಲ. ಮೂರನೇ ಸಲ ಬ್ಯಾರೆ ಕಡೆಯಿಂದ ಬಂದು ಇಳಿಸಿದೆ. ಕೆಳಗ ಬಂದಮ್ಯಾಲ ಪರೀಕ್ಷಾದವರು, ನಿನ್ನ ಹಿಂದ ನನ್ನ ಮಗನ್ನೂ ಧೈರ್ಯಲೆ ಕೂರಸ್ತೀನಿ ಅಂದ್ರು. ಪಾಸ್ ಅಕ್ಕಾ.’

ಏನಾದರೂ ಹೇಳಬೇಕಲ್ಲ ಎಂದು, ‘ಚಹಾ ಯಾರು ಕೊಟ್ರು?’ ಎಂದೆ.

‘ಇಲ್ಲಿ ಆ ಪದ್ಧತಿ ಇಲ್ಲಲ್ಲಕ್ಕಾ’ ಎಂದು ನಕ್ಕ. ನಗುವಿನಲ್ಲಿ ಸ್ವಲ್ಪ ಬೇಸರವಿತ್ತು.

ತಾಯಿ ಸೆರಗಿಗೆ ಕೈ ಒರೆಸಿಕೊಂಡು ಫೋನಿನ ಹತ್ತಿರ ಬಾಗಿದರು. ‘ತಮ್ಮಾ, ಎರಡು ಸಲ ತಿರುಗಿ ಬಂದಿ ಅಂದ್ರ ಎರಡು ಕಪ್ಪು. ನನ್ನ ಕಡೆ ಅದಾವ. ಊರಿಗೆ ಬಂದಾಗ ಕೊಡ್ತೀನಿ, ಮರೀಬ್ಯಾಡ.’

ಆ ಕಡೆ ಯಂತ್ರಗಳ ಸದ್ದು ಕೇಳುತ್ತಿತ್ತು.

‘ಸಕ್ಕರಿ ಜಾಸ್ತಿ ಹಾಕು, ಯವ್ವಾ’ ಎಂದ.