ವಾಲೆ ಹಿಡಿದ ಶುಕ್ರವಾರಗಳು

ಎಲ್ಲವೂ ಎಂದಿನಂತಿದ್ದ ಕೊನೆಯ ಶುಕ್ರವಾರ ನಮ್ಮ ಮನೆಯ ಟೀವಿಯಲ್ಲಿ ಇಬ್ಬರು ಬಿಳಿಯ ಗಂಡಸರು ಉಣ್ಣೆಯ ಟೋಪಿ ಹಾಕಿಕೊಂಡು, ಕೆನಡಾದ ಉತ್ತರಕ್ಕೆಲ್ಲೋ ಇರುವ ಸರೋವರದ ನಡುವೆ ದೋಣಿಯಲ್ಲಿ ಕುಳಿತು ಮೀನು ಹಿಡಿಯುತ್ತಿದ್ದರು. ಅವರ ಪಾಲಿಗೆ ಅದು ಬೇಸಿಗೆಯಂತೆ. ನಮ್ಮ ಪಾಲಿನ ಬೇಸಿಗೆ ಕಿಟಕಿಯ ಹೊರಗೆ ನಿಂತಿತ್ತು. ಕುವೈತಿನ ಜುಲೈ ಎಂದರೆ ನಲ್ಲಿಗಳು ತಮ್ಮ ಹೆಸರನ್ನು ಅದಲುಬದಲು ಮಾಡಿಕೊಳ್ಳುವ ತಿಂಗಳು. ಮಾಳಿಗೆಯ ಟ್ಯಾಂಕಿನಲ್ಲಿ ಕುದ್ದ ನೀರು ತಣ್ಣೀರಿನ ನಲ್ಲಿಯಲ್ಲಿ ಬರುತ್ತದೆ, ಹಾಗಾಗಿ ನಾವು ಗೀಸರನ್ನು ಆರಿಸಿ, ಅದರೊಳಗೆ ನೀರನ್ನು ತಣಿಯಲು ಬಿಟ್ಟು, ಬಿಸಿನೀರಿನ ನಲ್ಲಿ ತಿರುಗಿಸಿ ತಣ್ಣೀರಿನ ಸ್ನಾನ ಮಾಡುತ್ತೇವೆ. ಇಂಥ ಊರಿನಲ್ಲಿ ಕುಳಿತು, ಬೇಸಿಗೆಯಲ್ಲಿ ನಡುಗುತ್ತಾ ಮೀನು ಹಿಡಿಯುವವರನ್ನು ನೋಡುವುದು ನಮ್ಮ ಮನೆಯ ಶುಕ್ರವಾರದ ಪದ್ಧತಿಯಾಗಿತ್ತು.

ನೋಡುವುದು ಎಂದೆ, ಕೇಳುವುದು ಎನ್ನಲಿಲ್ಲ. ಟೀವಿಯ ದನಿಯನ್ನು ಪೂರ್ತಿ ಆರಿಸಲಾಗಿತ್ತು. ಆ ದೋಣಿಯ ದಪ್ಪ ಮನುಷ್ಯನ ಮಾತು, ತೆಳ್ಳನೆಯವನ ಮಾತು, ಗಾಳದ ತುದಿಯ ಮೀನಿನ ಮಾತು, ಮೂರನ್ನೂ ಆಡುತ್ತಿದ್ದವರು ಲುಂಗಿ ಉಟ್ಟು ಸೋಫಾದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತ ನಮ್ಮವರು. ನಾನು ಅಡುಗೆಮನೆಯಲ್ಲಿ ಮೀನು ಕರಿಯುತ್ತಾ ನಗುತ್ತಿದ್ದೆ. ಮಗಳು ಮೇಘನಾ ನೆಲದ ಮೇಲೆ ಹೊರಳಾಡಿ ನಗುತ್ತಿದ್ದಳು. ಮರುದಿನ ಅವರು ಇರಲಿಲ್ಲ. ಈಗ ನಾನು ಹುಡುಕುತ್ತಿರುವುದು ಆ ದನಿಯನ್ನು. ಎಲ್ಲೆಲ್ಲಿ ಹುಡುಕಿದೆ ಎಂದು ಹೇಳುವ ಮೊದಲು ಆ ಸರೋವರ ಮಹಬೂಲಾದ ನಮ್ಮ ಫ್ಲ್ಯಾಟಿಗೆ ಹೇಗೆ ಬಂತು ಎಂಬುದನ್ನು ಹೇಳಿಬಿಡುತ್ತೇನೆ.

ನಮ್ಮವರ ಹೆಸರು ನಂಜುಂಡ. ಶುವೈಖ್‌ನಲ್ಲಿ ವಾಹನಗಳ ಬಿಡಿಭಾಗಗಳ ಗೋದಾಮೊಂದರ ಸ್ಟೋರ್‌ಕೀಪರ್. ಎರಡು ನದಿ ಕೂಡುವ ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿ, ಒಂದು ಹನಿ ಹೊಳೆಯಿಲ್ಲದ ದೇಶಕ್ಕೆ ಬಂದು ಬ್ರೇಕ್ ಲೈನರ್ ಎಣಿಸುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಪಾಸು. ಸಲ್ವಾದ ಒಂದು ಶಿಶುವಿಹಾರದಲ್ಲಿ ಮಕ್ಕಳ ಮೂಗು ಒರೆಸುವ ಕೆಲಸ. ಒಮ್ಮೆ ಅವರು ಶುಕ್ರವಾರದ ಸಂತೆಯಿಂದ ಒಂದು ಹಳೆಯ ವಿಸಿಆರ್ ಹೊತ್ತುಕೊಂಡು ಬಂದರು. ಊರಿಗೆ ಹಿಂದಿರುಗುತ್ತಿದ್ದ ಯಾರೋ ವಿದೇಶಿ ಎಂಜಿನಿಯರನ ಮನೆಯ ಸಾಮಾನಂತೆ. ಅದನ್ನು ಜೋಡಿಸಿದಾಗ ಹೊಟ್ಟೆಯೊಳಗೆ ಒಂದು ಕ್ಯಾಸೆಟ್ ಸಿಕ್ಕಿಕೊಂಡಿತ್ತು. ರಸ್ತೆಯೇ ಇಲ್ಲದ ಕಾಡು, ನೀರಿನ ಮೇಲೇ ಇಳಿಯುವ ಗುಬ್ಬಚ್ಚಿಯಂಥ ವಿಮಾನ, ಅದರಿಂದ ಇಳಿದ ಇಬ್ಬರು, ಒಂದು ದೋಣಿ, ಮತ್ತು ಮೀನು, ಮೀನು, ಮೀನು. ಕೊಂಡ ಯಂತ್ರದ ಜೊತೆ ಒಂದು ಸರೋವರ ಬಿಟ್ಟಿ ಬಂದದ್ದಕ್ಕೆ ನಮ್ಮವರು ಹಿಗ್ಗಿದರು. ಬೇರೆ ಕ್ಯಾಸೆಟ್ ತಂದರಾಗಿತ್ತು. ಆದರೆ ಬಿಟ್ಟಿ ಬಂದದ್ದರ ರುಚಿ ನಿಮಗೆ ಗೊತ್ತೇ ಇದೆ.

ಮೊದಲ ಸಲ ದನಿ ಹಾಕಿಯೇ ನೋಡಿದೆವು. ಆ ಇಂಗ್ಲಿಷು ನಮ್ಮ ಕಿವಿಗೆ ಹತ್ತಲಿಲ್ಲ. ಎರಡೇ ಪದ ಕೈಗೆ ಸಿಕ್ಕವು. ಒಂದು ಜಾತಿಯ ಮೀನನ್ನು ಅವರು ‘ವಾಲೈ’ ಎನ್ನುತ್ತಿದ್ದರು, ಇನ್ನೊಂದನ್ನು ‘ಬ್ಯಾಸ್’. ನಮ್ಮವರು ಕೂಡಲೇ ನಾಮಕರಣ ಮುಗಿಸಿದರು: ವಾಲೆ ಮತ್ತು ಬಾಸ್. ವಾಲೆಯ ಕಣ್ಣಿನಲ್ಲಿ ಬಿಳಿ ಕಲ್ಲು ಕೂರಿಸಿದಂಥ ಹೊಳಪಿತ್ತು. "ನೋಡು, ಕಣ್ಣೇ ಕಿವಿ ವಾಲೆ ಇದ್ದಂಗದೆ. ಬಿಳಿಯೋರು ಸುಮ್ಸುಮ್ನೆ ಹೆಸ್ರಿಟ್ಟಿಲ್ಲ ಕಣೇ," ಎಂದರು. ಬಾಸ್‌ಗೆ ವಿವರಣೆಯೇ ಬೇಕಾಗಲಿಲ್ಲ. ಅದರ ಬಾಯಿ ಅಷ್ಟು ಅಗಲವಿತ್ತು.

ಆ ಇಬ್ಬರು ಹಿಡಿದ ವಾಲೆಗಳಲ್ಲಿ ಕೆಲವನ್ನು ಮಧ್ಯಾಹ್ನ ದಡದಲ್ಲಿ ಒಲೆ ಹೂಡಿ ಕರಿದು ತಿನ್ನುತ್ತಿದ್ದರು. ಬಾಸನ್ನು ಮಾತ್ರ ಕೆಳತುಟಿ ಹಿಡಿದು ಎತ್ತಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಮೆಲ್ಲಗೆ ನೀರಿಗೆ ಬಿಡುತ್ತಿದ್ದರು. ಸಾವಿರಾರು ಮೈಲಿ ವಿಮಾನದಲ್ಲಿ ಹೋಗಿ, ಚಳಿಯಲ್ಲಿ ಕಾದು, ಹಿಡಿದ ಮೀನನ್ನು ವಾಪಸ್ ಬಿಡುವ ಈ ವೈರಾಗ್ಯ ನನಗಂತೂ ಅರ್ಥವಾಗಲಿಲ್ಲ. ನಮ್ಮ ಕಡೆ ಇಂಥ ಕೆಲಸ ಮಾಡಿದವನನ್ನು ಮನೆಯವರು ಊಟಕ್ಕೆ ಕರೆಯುವುದಿಲ್ಲ. ನಮ್ಮವರು ಮಾತ್ರ ಇದರಲ್ಲಿ ಲೋಕನೀತಿ ಕಂಡರು. "ಯಾವ್ ದೇಶಕ್ಕೋದ್ರೂ ಬಾಸ್‌ಗೆ ಏನೂ ಆಗಲ್ಲ. ಫೋಟೋ ತೆಗುಸ್ಕೊಂಡು ವಾಪಸ್ ಸೀಟ್‌ಗೋಗಿ ಕೂತ್ಕತಾನೆ. ಎಣ್ಣೇಲಿ ಬೇಯೋದು ವಾಲೆಯಂಥೋರೇ."

ಅಂದಿನಿಂದ ಅವರು ಟೀವಿಯ ದನಿ ಆರಿಸಿದರು, ತಮ್ಮ ದನಿ ಹೊತ್ತಿಸಿದರು. ದಪ್ಪ ಮನುಷ್ಯ ಕಫೀಲ್ ಆದ, ಎಂದರೆ ವೀಸಾ ಕೊಟ್ಟು ನಮ್ಮನ್ನೆಲ್ಲ ತನ್ನ ಹೆಸರಿನಲ್ಲಿ ಇಟ್ಟುಕೊಂಡ ಯಜಮಾನ. ತೆಳ್ಳನೆಯವನು ಅವನ ಗುಮಾಸ್ತನಾದ. ಸಣ್ಣ ವಾಲೆ ಸಿಕ್ಕಾಗ ದಪ್ಪ ಮನುಷ್ಯ ಅದನ್ನು ಅಳತೆಪಟ್ಟಿಯ ಮೇಲಿಟ್ಟು ತಲೆಯಾಡಿಸುತ್ತಿದ್ದ. ಗಲ್ಫಿಗೆ ಬಂದವರೆಲ್ಲ ಮೊದಲು ಹಾಯಬೇಕಾದ ವೈದ್ಯಕೀಯ ಪರೀಕ್ಷೆ ಅಲ್ಲಿಯೇ ನಡೆದುಹೋಗುತ್ತಿತ್ತು.

"ಉದ್ದ ಸಾಲ್ದು, ತೂಕ ಸಾಲ್ದು. ಮೆಡಿಕಲ್ ಅನ್‌ಫಿಟ್! ಖಲಾಸ್! ಯಲ್ಲಾ, ಊರ್ಗೋಗು!"

ಮೀನು ನೀರಿಗೆ ಬಿದ್ದ ಕೂಡಲೇ ದನಿ ಕೀಚಲಾಗುತ್ತಿತ್ತು. "ಅನ್‌ಫಿಟ್ ಆದೋನೇ ಪುಣ್ಯವಂತ ಬುಡಿ ಸಾ! ಹೋಗಿ ಅವ್ವನ್ ಕೈಲಿ ಮುದ್ದೆ ತಿಂತೀನಿ. ಫಿಟ್ ಆದೋರ್ನ ನೀವು ಕರ್ಕೊಂಡು ತಿನ್ನಿ!"

ಪ್ರತಿ ಶುಕ್ರವಾರ ಅದೇ ಕ್ಯಾಸೆಟ್, ಅದೇ ಮೀನು. ಮಾತು ಮಾತ್ರ ಬೇರೆ. ಆ ವಾರ ಗೋದಾಮಿನಲ್ಲಿ ಯಾರು ಯಾರನ್ನು ಬೈದರು, ಯಾರ ರಜೆ ರದ್ದಾಯಿತು ಎಂಬುದೆಲ್ಲ ಆ ಸರೋವರದಿಂದ ಮೇಲೆದ್ದು ಬರುತ್ತಿತ್ತು. ಇಂಗ್ಲಿಷಿನಲ್ಲಿಯೇ ಉತ್ತರ ಕೊಡುವ ನಮ್ಮ ಮೇಘನಾ ಕನ್ನಡದಲ್ಲಿ ನಗಲು ಕಲಿತದ್ದು ಹೀಗೆ.

ಈ ನಾಮಕರಣದಿಂದ ನನಗೊಂದು ಪೀಡೆಯೂ ಅಂಟಿಕೊಂಡಿತು. ಊರಿನಿಂದ ನನ್ನ ಅಕ್ಕ ಫೋನ್ ಮಾಡಿದ್ದಳು. ಫೋನಿನಲ್ಲಿ ಮಾತಿಗಿಂತ ಗೊರಗೊರ ಸದ್ದೇ ಹೆಚ್ಚು. "ನಿಮ್ಮೋರು ಏನ್ಮಾಡ್ತಾವ್ರೆ?" ಎಂದು ಕೂಗಿದಳು. "ವಾಲೆ ಹಿಡ್ಕೊಂಡು ಕೂತವ್ರೆ!" ಎಂದು ನಾನೂ ಕೂಗಿದೆ. "ದೊಡ್ಡದಾ?" "ಭಾಳ ದೊಡ್ಡದು, ಕಣ್ಣಲ್ಲೇ ಕಲ್ಲು ಹೊಳೀತದೆ!" ಅಷ್ಟರಲ್ಲಿ ಸಂಪರ್ಕ ತಪ್ಪಿತು. ಅಕ್ಕ ಸುಮ್ಮನಿರುವವಳಲ್ಲ. ನಂಜುಂಡ ಹೆಂಡತಿಗೆ ಕುವೈತಿನಲ್ಲಿ ಕಲ್ಲಿನ ವಾಲೆ ಮಾಡಿಸಿದನೆಂಬ ಸುದ್ದಿ ಬೀದಿಯ ಎರಡೂ ಕೊನೆ ಮುಟ್ಟಿತು. ಮುಂದೆ ರಜೆಗೆ ಹೋದಾಗ ಜನ ನನ್ನ ಮುಖ ನೋಡುವ ಮೊದಲು ಕಿವಿ ನೋಡಿದರು. ಅದು ಮೀನು ಎಂದು ಎಷ್ಟು ಹೇಳಿದರೂ ನಂಬಿಕೆ ಬರಲಿಲ್ಲ; ಚಿನ್ನವನ್ನು ಮುಚ್ಚಿಡಲು ಹೆಂಗಸರು ಏನೇನೋ ಹೇಳುತ್ತಾರೆ, ಆದರೆ ಮೀನು ಎಂದು ಹೇಳಿದವಳನ್ನು ಅವರು ಅದೇ ಮೊದಲು ಕಂಡದ್ದು.

ಇನ್ನು ಹಮೀದಣ್ಣನ ವಿಷಯ. ನಮ್ಮ ಕಟ್ಟಡದ ಕೆಳಗೆ ಅವರ ಬಕಾಲಾ, ಅಂದರೆ ದಿನಸಿ ಅಂಗಡಿ. ಮಂಗಳೂರು ಕಡೆಯ ಬ್ಯಾರಿ. ಸಮುದ್ರದ ಪಕ್ಕದಲ್ಲೇ ಬೆಳೆದವರು. ನಮ್ಮವರು ಒಮ್ಮೆ ಸ್ಫೂರ್ತಿ ಉಕ್ಕಿ ಗಾಳದ ಕೋಲು ಕೊಂಡು, ಹಮೀದಣ್ಣನನ್ನು ಎಳೆದುಕೊಂಡು ಮಹಬೂಲಾದ ಕಡಲ ತೀರಕ್ಕೆ ಹೋದರು. ಇಡೀ ಬೆಳಗು ನಿಂತು ಒಂದು ಪ್ಲಾಸ್ಟಿಕ್ ಚಪ್ಪಲಿ ಹಿಡಿದರು. "ಇದು ಎಂತ ಜಾತಿ ನಂಜುಂಡಣ್ಣ? ವಾಲೆಯೋ ಬಾಸೋ?" ಎಂದು ಹಮೀದಣ್ಣ ಕೇಳಿದರಂತೆ. ನಮ್ಮವರು ಚಪ್ಪಲಿಯನ್ನು ಎತ್ತಿ ಹಿಡಿದು, ಫೋಟೋಕ್ಕೆ ನಿಂತಂತೆ ನಿಂತು, ಗಂಭೀರವಾಗಿ ಮತ್ತೆ ನೀರಿಗೆ ಬಿಟ್ಟರಂತೆ.

ಆ ಕೊನೆಯ ಶುಕ್ರವಾರದ ಮರುದಿನ ಗೋದಾಮಿಗೆ ಹೋದವರು, ಕುರ್ಚಿಯಲ್ಲಿ ಕುಳಿತಲ್ಲೇ ಒಂದು ಕಡೆಗೆ ವಾಲಿದರಂತೆ. ಹೃದಯ ನಿಂತಿತ್ತು.

ನಮ್ಮ ಕಡೆಯವರು ಸೇರಿ ಒಂದು ಬಾಡಿಗೆ ಹಾಲ್‌ನಲ್ಲಿ ಸಂತಾಪ ಸಭೆ ಮಾಡಿದರು. ಅಧ್ಯಕ್ಷತೆ ವಹಿಸಿದವರು ನಮ್ಮವರನ್ನು ಒಂದು ಸಲವೂ ಭೇಟಿಯಾದವರಲ್ಲ, ಆದ್ದರಿಂದ ಬಹಳ ಹೊತ್ತು ಮಾತಾಡಿದರು. "ಮಿತಭಾಷಿಗಳೂ ಮೃದುಭಾಷಿಗಳೂ ಆಗಿದ್ದ ಶ್ರೀಯುತರು" ಎಂದು ಆರಂಭಿಸಿದಾಗ, ನಾನು ತಪ್ಪು ಸಭೆಗೆ ಬಂದೆನೋ ಎಂದು ಗೋಡೆಗೆ ಹಾಕಿದ ಫೋಟೋವನ್ನು ಇನ್ನೊಮ್ಮೆ ನೋಡಿದೆ. ಮುಂದೆ ಗೋದಾಮಿನ ಮ್ಯಾನೇಜರ್ ಎದ್ದು ನಿಂತು, "ನಂಜುಂಡ ಗುಡ್ ಮ್ಯಾನ್. ನೋ ಟಾಕಿಂಗ್. ಓನ್ಲಿ ವರ್ಕ್," ಎಂದ. ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. ಅವರು ಯಾರೂ ಸುಳ್ಳು ಹೇಳುತ್ತಿರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ಗೋದಾಮಿನಲ್ಲಿ ನಮ್ಮವರ ಬಳಿ ಇದ್ದದ್ದು ಒಂದು ಹಿಡಿ ಅರಬ್ಬಿ, ಅರ್ಧ ಹಿಡಿ ಹಿಂದಿ. ಹೌದು, ಇಲ್ಲ, ನಾಳೆ, ಮುಗಿಯಿತು. ಅಷ್ಟರಲ್ಲಿ ಎಂಥ ವಾಚಾಳಿಯೂ ಮಿತಭಾಷಿಯೇ. ವಾರವಿಡೀ ಬಾಯಿಯೊಳಗೆ ಕಟ್ಟಿಟ್ಟ ಮಾತನ್ನು ಶುಕ್ರವಾರ ತಂದು ಇಬ್ಬರು ಬಿಳಿ ಮನುಷ್ಯರ ಬಾಯಿಗೆ ಸುರಿಯುತ್ತಿದ್ದರು.

ದೇಹದ ಜೊತೆ ಊರಿಗೆ ಹೋದೆ. ತಬ್ಬಿಕೊಂಡು ಅತ್ತವರಲ್ಲಿ ಒಬ್ಬರು ಅಳುತ್ತಲೇ ನನ್ನ ಕಿವಿಯನ್ನು ನೋಡುತ್ತಿದ್ದರು. ನಾನೂ ಅಳುತ್ತಲೇ ಅದನ್ನು ಗಮನಿಸಿದೆ. ದುಃಖದಲ್ಲಿ ಕಣ್ಣು ಮಂಜಾಗುತ್ತದೆ ಎನ್ನುವುದು ಪೂರ್ತಿ ನಿಜವಲ್ಲ.

ನನ್ನ ವೀಸಾ ನನ್ನ ಕೆಲಸದ್ದಾದ್ದರಿಂದ ಮಗಳೊಂದಿಗೆ ಹಿಂದಿರುಗಿ ಬಂದೆ. ಮತ್ತೆ ಮೂಗು ಒರೆಸುವ ಕೆಲಸ, ಮತ್ತೆ ಜುಲೈ. ಒಂದು ದಿನ ಊಟದ ನಡುವೆ ಮೇಘನಾ ತಟ್ಟೆಯಿಂದ ತಲೆಯೆತ್ತದೆ ಕೇಳಿದಳು: "ಅಮ್ಮಾ, ಅಪ್ಪನ ವಾಯ್ಸ್ ಹೇಗಿತ್ತು? ಫೇಸ್ ಇಸ್ ದೇರ್. ವಾಯ್ಸ್ ಬರ್ತಾ ಇಲ್ಲ."

ಹುಡುಕಾಟ ಶುರುವಾದದ್ದು ಆಗ. ಕುವೈತಿಗೆ ಬಂದ ಹೊಸತರಲ್ಲಿ ಅವರು ತಾಯಿಗೆ ಕಾಗದದ ಬದಲು ಮಾತನ್ನೇ ಕ್ಯಾಸೆಟ್ಟಿಗೆ ತುಂಬಿ ಕಳಿಸಿದ್ದರು. ಆಗ ಗಲ್ಫಿನಲ್ಲಿ ಹಲವರು ಹಾಗೆ ಮಾಡುತ್ತಿದ್ದರು. ಅವರ ಅಕ್ಕನಿಗೆ ಫೋನ್ ಮಾಡಿದೆ. "ಅಯ್ಯೋ, ಅದರ ಮೇಲೆ ಭಜನೆ ತುಂಬ್ಸಿದ್ವಲ್ಲವ್ವ. ಖಾಲಿ ಕ್ಯಾಸೆಟ್ ಇರ್ನಿಲ್ಲ," ಎಂದರು ಅತ್ತಿಗೆ. ದೇವರಿಗೆ ಇನ್ನೊಂದು ಕ್ಯಾಸೆಟ್ ಎಲ್ಲಾದರೂ ಸಿಗುತ್ತಿತ್ತು.

ಉಳಿದದ್ದು ನಮ್ಮ ಮದುವೆಯ ವಿಡಿಯೋ. ಅದರಲ್ಲಿ ಅವರು ಮಾತಾಡಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆರತಕ್ಷತೆಯಲ್ಲಿ ಕ್ಯಾಮೆರಾದ ಮುಂದೆ ನಿಂತು, ಕೈ ಬೀಸಿ, ನನ್ನನ್ನೂ ನನ್ನ ಅಕ್ಕನನ್ನೂ ಸೇರಿಸಿ ಏನೋ ಹೇಳಿ ಮಂಟಪವನ್ನೆಲ್ಲ ನಗಿಸಿದ್ದರು. ನಾನೂ ಮೇಘನಾಳೂ ಅದನ್ನು ಹಾಕಿ ಕುಳಿತೆವು. ಅವರು ಬಂದರು, ಬಾಯಿ ತೆರೆದರು, ಕೈ ಬೀಸಿದರು, ಜನ ಬಾಯಿ ಬಿಟ್ಟು ನಕ್ಕರು. ಕೇಳಿಸಿದ್ದು ಒಂದು ಪ್ರೇಮಗೀತೆ. ನಮ್ಮ ಕಡೆಯ ಎಲ್ಲ ಮದುವೆಗಳಂತೆ ಆ ವಿಡಿಯೋದ ಪುಣ್ಯಾತ್ಮ ಮೊದಲಿನಿಂದ ಕೊನೆಯವರೆಗೆ ಮಾತನ್ನೆಲ್ಲ ಅಳಿಸಿ ಸಿನಿಮಾ ಹಾಡು ತುಂಬಿದ್ದ. ಆಗ ನಾವೇ ಕೊಟ್ಟ ಹಾಡುಗಳು, ನಾವೇ ಆರಿಸಿದ್ದು. ಬೇರೆಯವರ ದನಿ ಆರಿಸಿ ತಮ್ಮ ದನಿ ಹಾಕುತ್ತಿದ್ದವರು ತಮ್ಮ ಮದುವೆಯಲ್ಲೇ ಮೂಕರಾಗಿದ್ದರು. ಮೇಘನಾ ರಿಮೋಟನ್ನು ತಿರುಗಿಸಿ ಮುರುಗಿಸಿ ಒತ್ತಿದಳು. ಹಾಡು ಜೋರಾಯಿತು.

ಈಚೆಗೆ ಒಂದು ಶುಕ್ರವಾರ ಹಮೀದಣ್ಣ ಮೊಟ್ಟೆ ಕೊಡಲು ಮೇಲೆ ಬಂದಿದ್ದರು. ಮೇಘನಾ ಆ ಸರೋವರದ ಕ್ಯಾಸೆಟ್ ಹಾಕಿ, ದನಿ ಆರಿಸಿ, "ಹಮೀದ್ ಅಂಕಲ್, ನೀವು ಮಾಡಿ," ಎಂದಳು. ಅವರು ನನ್ನ ಮುಖ ನೋಡಿದರು. "ನಾನು ಎಂತ ಮಾಡುದು ಅಕ್ಕ, ನಂಗೆ ಅವರ ಹಾಗೆ ಬರ್ತದಾ?" ಎನ್ನುತ್ತಲೇ ಕುಳಿತರು. ತೆರೆಯ ಮೇಲೆ ವಾಲೆ ಒದ್ದಾಡುತ್ತಿತ್ತು. ಹಮೀದಣ್ಣ ಗಂಟಲು ಸರಿಮಾಡಿಕೊಂಡರು.

"ಎಂತ ಮಾರಾಯ್ರೇ ಇದು! ನಾನು ನನ್ನಷ್ಟಕ್ಕೆ ಇದ್ದವ. ನಿಮಗೆ ಎಂತ ಮಾಡಿದ್ದೇನೆ? ಒಮ್ಮೆ ಬಿಡಿ ಮಾರಾಯ್ರೇ, ಮನೆಯಲ್ಲಿ ಕಾಯ್ತಾ ಉಂಟು."

ಮೇಘನಾ ನಕ್ಕುಬಿಟ್ಟಳು. "ಅಂಕಲ್, ಫಿಶ್ ಮಂಗಳೂರಿಂದಲ್ಲ! ಇಟ್ಸ್ ಫ್ರಮ್ ನರಸೀಪುರ!"

ಮೂವರೂ ನಕ್ಕೆವು. ಆಮೇಲೆ ಅವಳು ನನ್ನ ಕಡೆ ತಿರುಗಿದಳು. ನನಗೆ ಸಾಲುಗಳೆಲ್ಲ ಗೊತ್ತು. ಅನ್‌ಫಿಟ್ ಆದ ಮೀನು, ಮುದ್ದೆ, ಅವ್ವ, ಒಂದೂ ಮರೆತಿಲ್ಲ. ಹೇಳಿದೆ. ಬಂದದ್ದು ನನ್ನ ದನಿ, ಶಿಶುವಿಹಾರದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ದನಿ. ಮೇಘನಾ ನನಗೆ ನೋವಾಗಬಾರದೆಂದು ನಗಲು ನೋಡಿದಳು.

ಕೊನೆಗೆ ಅವಳೇ ಟೀವಿಯ ದನಿ ಹಾಕಿದಳು. ಇಷ್ಟು ವರ್ಷ ಬಾಯಿ ಮುಚ್ಚಿಸಿಟ್ಟ ಆ ಇಬ್ಬರು ನಿಜಕ್ಕೂ ಏನು ಹೇಳುತ್ತಿದ್ದರೆಂದು ನಮಗೂ ಕುತೂಹಲ. ಈಗ ಆ ಇಂಗ್ಲಿಷು ತಿಳಿಯುವಷ್ಟು ಮೇಘನಾ ದೊಡ್ಡವಳಾಗಿದ್ದಾಳೆ. ದೋಣಿಯ ಮೋಟರಿನ ಸದ್ದು ಬಂತು, ನೀರಿನ ಸದ್ದು ಬಂತು. ಮೀನು ಮೇಲೆ ಬಂತು. ದಪ್ಪ ಮನುಷ್ಯ ಏನೋ ಅಂದ, ತೆಳ್ಳನೆಯವನು ಏನೋ ಅಂದ.

"ಏನಂತೆ?" ಎಂದು ಕೇಳಿದೆ.

"ನಥಿಂಗ್ ಅಮ್ಮಾ. ಅವನು ‘ನೈಸ್ ಫಿಶ್’ ಅಂದ. ಇವನು ‘ಯೆಪ್’ ಅಂದ."

ಇನ್ನೊಂದು ಮೀನು ಬಂತು. ಮತ್ತೆ ನೈಸ್ ಫಿಶ್, ಮತ್ತೆ ಯೆಪ್. ಕ್ಯಾಸೆಟ್ ಮುಗಿಯುವವರೆಗೆ, ಮೀನಿನ ಹೆಸರು ಬಿಟ್ಟರೆ, ಆ ಮಹನೀಯರು ಅದಕ್ಕಿಂತ ಹೆಚ್ಚಿನದನ್ನು ಹೇಳಲಿಲ್ಲ. ಮಿತಭಾಷಿಗಳೆಂದರೆ ಅವರು. ಹಮೀದಣ್ಣ ಅಂಗಡಿಗೆ ಇಳಿದು ಹೋದರು. ಮೇಘನಾ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ದನಿಯನ್ನು ಪುನಃ ಆರಿಸಿ, ಮೊದಲಿನಿಂದ ನೋಡತೊಡಗಿದಳು. ನಾನೂ ಪಕ್ಕದಲ್ಲಿ ಕುಳಿತೆ.

ಅವಳ ಅಪ್ಪ ಆಡಿದ ಮಾತುಗಳನ್ನು ನಾನು ಹೇಳಬಲ್ಲೆ; ಇಲ್ಲಿ ಬರೆದೂ ಇದ್ದೇನೆ. ಅವರ ದನಿ ನನ್ನ ಹತ್ತಿರ ಇಲ್ಲ.